ಕನ್ನಡಕದವನು ದುರ್ಬೀನು ಕೊಳ್ಳಲು ಹೊರಟದ್ದು

ಕನ್ನಡಕದ ಅಂಗಡಿ ಇಟ್ಟವನನ್ನು ಗಾಜಿಗೆ ಸಂಬಂಧಪಟ್ಟ ತಂಟೆಗಳು ಹುಡುಕಿಕೊಂಡೇ ಬರುತ್ತವೆ. ಗದಗಿನಲ್ಲಿ ನನ್ನ ಅಂಗಡಿ ಮೂವತ್ತು ವರ್ಷದಿಂದ ಇದೆ. ಮೊಬೈಲಿನ ಒಡೆದ ಗಾಜು, ಬೈಕಿನ ಕನ್ನಡಿ, ದೇವರ ಫೋಟೋದ ಬಿರುಕು, ಕೊನೆಗೆ ಮೀನಿನ ತೊಟ್ಟಿ ಸೋರುತ್ತದೆ ಎಂದು ಕೂಡ ಜನ ನನ್ನ ಕೌಂಟರಿನ ಮುಂದೆ ನಿಂತಿದ್ದಾರೆ. ಹೀಗಿರುವಾಗ ನಾನೇ ಒಂದು ಗಾಜಿನ ವಸ್ತು ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಆಸೆ ಹಳೆಯದು. ಒಳಗೆ ಕನ್ನಡಿ ಇರುವಂಥ, ಕಣ್ಣಿಟ್ಟು ಆಕಾಶ ನೋಡುವ ಒಂದು ದುರ್ಬೀನು ಬೇಕಾಗಿತ್ತು. ಫೋಟೋ ಗೀಟೋ ತೆಗೆಯುವ ಹುಚ್ಚು ನನಗಿಲ್ಲ. ಶನಿಯ ಉಂಗುರವನ್ನು ಕಣ್ಣಾರೆ ನೋಡಬೇಕು, ಅಷ್ಟೇ. ಹೆಂಡತಿ ಒಪ್ಪಿದಳು, ಆದರೆ ಕಟ್ಟಪ್ಪಣೆ ಮಾಡಿಯೇ ಒಪ್ಪಿದಳು. "ತರೂದಾದ್ರ ಒಂದ ತರ್ರಿ, ಚಲೋದು ತರ್ರಿ. ಮನ್ಯಾಗ ಈಗಾಗಲೇ ಯಾರೂ ಓಡದ ಟ್ರೆಡ್‌ಮಿಲ್ ಐತಿ."

ಅಂದರೆ ನನಗೆ ಸಿಕ್ಕಿದ್ದು ಒಂದೇ ಅವಕಾಶ. ತಪ್ಪು ದುರ್ಬೀನು ತಂದರೆ ಎರಡನೆಯದರ ಮಾತೆತ್ತುವಂತಿಲ್ಲ. ಹಾಗಾಗಿ ನಾನು ಬಹಳ ಬಿಗಿಯಾಗಿ ಪರೀಕ್ಷೆ ಮಾಡಿ ಆರಿಸುವುದೆಂದು ತೀರ್ಮಾನಿಸಿದೆ.

ಹರ್ತಿ ಕಾಣುವುದೋ ಇಲ್ಲವೋ

ಸುದ್ದಿ ಹೊರಬಿದ್ದ ಮೇಲೆ ಮೊದಲು ಬಂದವರು ಕಳಸಾಪುರದ ರೈತರೊಬ್ಬರು, ನನ್ನ ಹಳೆಯ ಗಿರಾಕಿ. ಕನ್ನಡಕದ ಸ್ಕ್ರೂ ಬಿಗಿ ಮಾಡಿಸಿಕೊಳ್ಳುತ್ತಲೇ ಕೇಳಿದರು: "ದುರ್ಬೀನು ತಗೋತೀರಂತ. ಎಷ್ಟು ದೂರ ಕಾಣ್ತೈತ್ರಿ ಅದರಾಗ?"

ಈ ಪ್ರಶ್ನೆಗೇ ನಾನು ಕಾದಿದ್ದೆ. ಎಷ್ಟು ದೂರ, ಎಷ್ಟು ಪಟ್ಟು ದೊಡ್ಡದು ಎಂಬುದೆಲ್ಲ ಡಬ್ಬಿಯ ಮೇಲೆ ಬರೆಯುವ ಮಾತು, ನೋಡಬೇಕಾದದ್ದು ಕನ್ನಡಿಯ ಅಗಲ, ಕನ್ನಡಿ ಅಗಲವಾದಷ್ಟೂ ಬೆಳಕು ಹೆಚ್ಚು ಕೂಡುತ್ತದೆ, ಆಮೇಲೆ ಅದು ಅಲುಗಾಡದೆ ನಿಲ್ಲಬೇಕು, ಇಷ್ಟಿದ್ದರೆ ಕೋಟಿಗಟ್ಟಲೆ ಮೈಲಿ ಆಚೆಯ ಶನಿ ಕೂಡ ಕಾಣುತ್ತಾನೆ ಎಂದು ಒಂದು ಭಾಷಣವನ್ನೇ ಮಾಡಿದೆ.

"ಶನಿ ಬ್ಯಾಡ್ರಿ ನನಗ. ಏಳೂವರಿ ವರ್ಷ ದುರ್ಬೀನು ಇಲ್ಲದ ನೋಡೇನಿ," ಅಂದರು ಅವರು. "ಹರ್ತ್ಯಾಗ ನಂದೊಂದು ಹೊಲ ಐತಿ. ಕಳಸಾಪುರದಾಗ ಮಾಳಗಿ ಮ್ಯಾಲ ಕುಂತು ನೋಡಿದ್ರ ಅಲ್ಲಿ ನೀರಿನ ಮೋಟರ್ ಚಾಲೂ ಐತೋ ಇಲ್ಲೋ ಗೊತ್ತಾಕ್ಕೈತೇನು?"

"ನಡುವ ಗಿಡಾ ಮರಾ ಅಡ್ಡ ಬರ್ತಾವಲ್ರಿ. ಕಾಣೂದಿಲ್ಲ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಕನಿಕರದಿಂದ ನೋಡಿದರು. "ಶನಿ ತನಕ ಕಾಣ್ತೈತಿ, ಹರ್ತಿ ತನಕ ಕಾಣೂದಿಲ್ಲ. ನೋಡಿ ತಗೋರ್ರಿ, ಮಾರಾವ್ರು ಭಾಳ ಮೋಸ ಮಾಡ್ತಾರ."

ಮುಂಡರಗಿಯ ಛತ್ರಿಗಳು

ಮುಂಡರಗಿಯ ಬೀಜ ಗೊಬ್ಬರದ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. ಅಳಿಯ ತಂದುಕೊಟ್ಟ ಆರಿಂಚಿನ ದುರ್ಬೀನು ಮನೆಯಲ್ಲಿ ಸುಮ್ಮನೆ ಇದೆ, ಬೇಕಾದರೆ ಒಯ್ಯಿರಿ ಎಂದರು. ಬಸ್ಸು ಹತ್ತಿ ಹೋದೆ. ದುರ್ಬೀನು ಪಡಸಾಲೆಯ ಮೂಲೆಯಲ್ಲಿ ಬಾಯಿ ಮೇಲೆ ಮಾಡಿ ನಿಂತಿತ್ತು. ಒಳಗೆ ಮೂರು ಛತ್ರಿ, ಸುರುಳಿ ಸುತ್ತಿದ ನಾಲ್ಕು ಕ್ಯಾಲೆಂಡರ್ ಇದ್ದವು.

"ಆಕಾಶ ನೋಡಿಲ್ಲೇನ್ರಿ ಇದರಾಗ?" ಎಂದು ಕೇಳಿದೆ.

"ನೋಡಿದೆ ಎರಡು ದಿನ. ಕೆಳಗ ಕಣ್ಣು ಹಚ್ಚಿ ನೋಡಿದ್ರ ಬರೇ ಕತ್ತಲಿ."

ಇಂಥ ದುರ್ಬೀನಿನ ತಳದಲ್ಲಿ ಇರುವುದು ಕನ್ನಡಿ, ಬೆಳಕು ಮೇಲಿನ ಬಾಯಿಂದ ಇಳಿದು ಕನ್ನಡಿಗೆ ಬಡಿದು ವಾಪಸು ಬರುತ್ತದೆ, ಕಣ್ಣಿಡುವ ತೂತು ಬಾಯಿಯ ಹತ್ತಿರ ಪಕ್ಕದಲ್ಲಿದೆ ಎಂದು ತೋರಿಸಿಕೊಟ್ಟೆ. ಅವರು ಆ ತೂತಿನಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದರಂತೆ. ಛತ್ರಿ ತೆಗೆದು ಕೊಳವೆಯನ್ನು ಮೆಲ್ಲಗೆ ಓರೆ ಮಾಡಿದಾಗ ಒಂದು ಬಾಚಣಿಕೆ, ಎರಡು ಅಡಿಕೆ, ಒಂದು ಕರೆಂಟ್ ಬಿಲ್ಲು ಹೊರಬಂದವು. ಕನ್ನಡಿಗೆ ಧೂಳು ಕೂತಿತ್ತು, ಗೀರು ಬಿದ್ದಿರಲಿಲ್ಲ.

ಸಂಜೆ ಮಾಳಿಗೆಗೆ ಒಯ್ದೆವು. ನಾನು ನನ್ನ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡೆ. ದುರ್ಬೀನಿಗೆ ಕಣ್ಣಿಡುವಾಗ ಕನ್ನಡಕ ಬೇಡ, ಗುಂಡಿ ತಿರುಗಿಸಿದರೆ ನಂಬರು ತಾನೇ ಹೊಂದಿಕೊಳ್ಳುತ್ತದೆ ಎಂದು ಅವರಿಗೆ ತಿಳಿಸಿಯೂ ಹೇಳಿದೆ. ನೋಡಿದರೆ, ನಕ್ಷತ್ರಕ್ಕೆ ಬಾಲ. ಎಷ್ಟು ತಿರುಗಿಸಿದರೂ ಬಾಲ ಹೋಗಲಿಲ್ಲ.

"ಕನ್ನಡಿ ಕೆಟ್ಟೈತ್ರಿ," ಅಂದೆ.

ಅವರೂ ನೋಡಿದರು. "ನನಗ ಚುಕ್ಕಿ ಗುಂಡಗ ಕಾಣಾಕತ್ತೈತಲ್ರಿ."

"ಅದಕ್ಕ ರೂಢಿ ಬೇಕ್ರಿ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ದುರ್ಬೀನನ್ನು ಕೆಳಗಿಳಿಸಿ ಅದೇ ಮೂಲೆಯಲ್ಲಿ ನಿಲ್ಲಿಸಿ ಛತ್ರಿಗಳನ್ನು ಒಂದೊಂದಾಗಿ ಒಳಗಿಟ್ಟರು. "ಇರಲಿ ಬಿಡ್ರಿ. ಛತ್ರಿಗೇನೂ ಬಾಲ ಬಂದಿಲ್ಲ."

ಶಿರಹಟ್ಟಿಗೆ ನೋಡಲು ಹೋದದ್ದು

ಮುಂದಿನ ಸಲ ಒಬ್ಬನೇ ಹೋಗುವುದು ಬೇಡವೆಂದು ಬೆಟಗೇರಿಯ ನನ್ನ ಸೋದರಮಾವನನ್ನು ಕರೆದುಕೊಂಡು ಹೋದೆ. ಆತ ನೇಕಾರ. ಒಂದು ಎಳೆ ತಪ್ಪಿದರೂ ದೂರದಿಂದಲೇ ಹಿಡಿಯುವವನು. ನಮ್ಮ ಮನೆತನದ ಎಲ್ಲ ಮದುವೆಗಳಿಗೂ ಹೆಣ್ಣು ನೋಡಿ ಬಂದವನೂ ಆತನೇ. ಶಿರಹಟ್ಟಿಯ ಒಂದು ಮನೆಯಲ್ಲಿ ಮಗನಿಗೆ ವರ್ಗವಾಗಿ ಎಂಟಿಂಚಿನ ದುರ್ಬೀನು ಮಾರಾಟಕ್ಕಿತ್ತು.

ಜಮಖಾನ ಹಾಸಿದರು, ಉಪ್ಪಿಟ್ಟು ಕೊಟ್ಟರು. ಶಾಲು ಹೊದಿಸಿದ ದುರ್ಬೀನನ್ನು ಇಬ್ಬರು ಹಿಡಿದು ತಂದು ನಮ್ಮೆದುರು ನಿಲ್ಲಿಸಿದರು. ಮಾವನಿಗೆ ತಾನು ಯಾವ ಕೆಲಸಕ್ಕೆ ಬಂದಿದ್ದೇನೆಂಬುದು ಅಲ್ಲಿಗೇ ಮರೆತುಹೋಯಿತು.

"ವಯಸ್ಸೆಷ್ಟರಿ?" ಎಂದು ಆ ಮನೆಯ ಹಿರಿಯ ಹೆಂಗಸನ್ನು ಕೇಳಿದ.

"ನಾಕು ತುಂಬಿ ಐದರಾಗ ಐತ್ರಿ."

"ಸ್ವಭಾವ?"

"ಭಾಳ ಸುಮ್ಮಗ ಐತ್ರಿ. ಇಟ್ಟಲ್ಲೇ ಇರ್ತೈತಿ."

ಅದಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಇರಲಿಲ್ಲ. ನೆಲದ ಮೇಲೆ ಕೂತು ತಿರುಗುವ ಕಟ್ಟಿಗೆಯ ಪೀಠ ಇತ್ತು. ಮಾವ ಒತ್ತಿ, ಅಲುಗಾಡಿಸಿ ಒಪ್ಪಿಕೊಂಡ. ಕತ್ತಲಾಗುತ್ತಲೇ ಅಂಗಳದಲ್ಲಿ ಚಂದ್ರನನ್ನು ತೋರಿಸಿದೆ. ಕನ್ನಡಿಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ, ಗಾಬರಿಯಾಗಬೇಡ ಎಂದೆ.

"ಗಾಬರಿ ಯಾಕ? ನಲವತ್ತು ವರ್ಷ ಸೀರಿ ಬೆನ್ನು ನೋಡಿಕೋತ ನೇಯ್ದೇನಿ. ಚಂದ ಎಲ್ಲಾ ಕೆಳಗ ಇರ್ತಿತ್ತು," ಅಂದ ಮಾವ.

ಆಮೇಲೆ ನಾನು ಕನ್ನಡಕ ತೆಗೆದು ಒಂದು ನಕ್ಷತ್ರ ಹಿಡಿದೆ. ಮತ್ತೆ ಬಾಲ. ಮಾವನ ಕಿವಿಯಲ್ಲಿ ಹೇಳಿದೆ.

"ಬಾಲ ಎಲ್ಲೈತಲೇ? ನನಗ ಸೂಜಿ ಮೊನಿಯಂಗ ಕಾಣಾಕತ್ತೈತಿ."

"ಮಾಮಾ, ನಿಮ್ಮ ಕಣ್ಣಿನ ಪೊರಿ ಈಗರೇ ತೆಗದಾರ. ಎಲ್ಲಾ ಚಂದನ ಕಾಣ್ತೈತಿ ನಿಮಗ."

ಮಾವ ಎದ್ದು ಧೋತರ ಸರಿ ಮಾಡಿಕೊಂಡು, ರೂಢಿಯ ಪ್ರಕಾರ, "ಊರಿಗೆ ಹೋಗಿ ತಿಳಿಸ್ತೇವ್ರಿ," ಅಂದ.

ಹಿರಿಯ ಹೆಂಗಸು ಶಾಲು ಹೊದಿಸುತ್ತ ಸೊಸೆಗೆ ಹೇಳಿದಳು: "ಇವರು ಮೂರನೇ ಮಂದಿ. ಎಲ್ಲಾರೂ ಉಪ್ಪಿಟ್ಟು ತಿಂತಾರ, ಊರಿಗೆ ಹೋಗಿ ತಿಳಿಸ್ತೇವಿ ಅಂತಾರ. ಮುಂದಿನವರಿಗೆ ಬರೇ ಚಹಾ ಕೊಡು."

ಲಕ್ಷ್ಮೇಶ್ವರದ ಮಾಸ್ತರರು

ಲಕ್ಷ್ಮೇಶ್ವರದಲ್ಲಿ ಒಬ್ಬ ನಿವೃತ್ತ ವಿಜ್ಞಾನದ ಮಾಸ್ತರರು ದುರ್ಬೀನನ್ನು ಸ್ವಂತ ಕೈಯಿಂದಲೇ ಮಾಡಿದ್ದರು. ಎರಡು ದಪ್ಪ ಗಾಜು ಒಂದರ ಮೇಲೊಂದಿಟ್ಟು, ನಡುವೆ ಮರಳಿನಂಥ ಪುಡಿ ಮತ್ತು ನೀರು ಹಾಕಿ, ಒಂದು ಪೀಪಾಯಿಯ ಸುತ್ತ ಸುತ್ತುತ್ತ ಒಂದೂವರೆ ವರ್ಷ ತಿಕ್ಕಿದ್ದರು. ಹಾಗೆ ತಿಕ್ಕಿದ ಗಾಜನ್ನು ಹೊರಗೆ ಕೊಟ್ಟು ಹೊಳಪಿನ ಲೇಪ ಹಾಕಿಸಿ ಕನ್ನಡಿ ಮಾಡಿಕೊಂಡಿದ್ದರು. ಕೊಳವೆ ಎಂದರೆ ಬೋರ್‌ವೆಲ್ಲಿಗೆ ಇಳಿಸುವ ಅಗಲವಾದ ಪೈಪು.

"ನಾ ಇನ್ನೊಂದು ಗಾಜು ತಿಕ್ಕಾಕ ಶುರು ಮಾಡೇನ್ರಿ. ಇದು ನಿಮ್ಮಂಥಾ ನೋಡೋರ ಮನ್ಯಾಗ ಇರಲಿ," ಎಂದರು. "ಆದರ ಕನ್ನಡಿ ಹ್ಯಾಂಗ ಬಂದೈತಿ ಅಂತ ಮೊದಲ ನೀವು ಹೇಳಬೇಕು. ಗಾಜಿನ ವಿಷಯದಾಗ ನೀವು ಹೇಳಿದ್ದ ಖರೆ."

ಓಣಿಯ ಹತ್ತು ಹನ್ನೆರಡು ಮಂದಿ ನನ್ನ ತೀರ್ಪು ಕೇಳಲು ಬಂದು ನಿಂತಿದ್ದರು. ಮಾಸ್ತರರು ಕೈ ಕಟ್ಟಿಕೊಂಡು ನಿಂತರು, ಪರೀಕ್ಷೆಯ ದಿನ ಶಾಲೆಯ ಮಕ್ಕಳು ನಿಲ್ಲುವ ಹಾಗೆ.

ಕತ್ತಲಾದ ಮೇಲೆ ನಾನು ಕನ್ನಡಕ ತೆಗೆದು ಒಂದು ನಕ್ಷತ್ರ ಹಿಡಿದು ಕಣ್ಣಿಟ್ಟೆ. "ಬಾಲ ಐತ್ರಿ, ಬಲಗಡೆ." ಪೈಪಿನ ಆ ಬದಿಗೆ ಹೋಗಿ ಬಗ್ಗಿ ನೋಡಿದೆ. "ಈಗ ಮ್ಯಾಲ ಹೋತು. ಬಾಲ ಒಂದ ಕಡೆ ನಿಂದ್ರವಲ್ದು ಅಂದ್ರ ಕನ್ನಡಿ ಭಾಳ ಕೆಟ್ಟೈತ್ರಿ, ಸರ್."

ಮಾಸ್ತರರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. "ಹೌದೇನ್ರಿ," ಎಂದಷ್ಟೇ ಹೇಳಿ ಪೈಪಿನ ಮೇಲೆ ಹಳೆಯ ಚಾದರ ಹೊದಿಸಿದರು. ನನಗೆ ಬಹಳ ಕೆಟ್ಟೆನಿಸಿತು. ಆದರೆ ಸತ್ಯ ಹೇಳದೆ ಇರುವುದು ಹೇಗೆ?

ಅವರ ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿ ಹೇಳಿದರು: "ಒಂದೂವರಿ ವರ್ಷ ಒರಳು ತಿರುವಿದ್ರ ಲಕ್ಷ್ಮೇಶ್ವರಕ್ಕೆಲ್ಲಾ ವಡಾ ಆಗ್ತಿದ್ವು."

ಬಾಲ ಎಲ್ಲಿತ್ತು

ಎರಡು ವಾರವಾದ ಮೇಲೆ ಒಂದು ಸಂಜೆ ಮನೆಯ ಮಾಳಿಗೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ನನ್ನ ದುಃಖ ಹೇಳಿಕೊಳ್ಳುತ್ತಿದ್ದೆ. ಪಡುವಣದಲ್ಲಿ ಶುಕ್ರ ಹೊಳೆಯುತ್ತಿತ್ತು.

"ಇಡೀ ಜಿಲ್ಲಾದಾಗ ಒಂದ ಕನ್ನಡಿ ನೆಟ್ಟಗಿಲ್ಲ ನೋಡು. ಎಲ್ಲಾದರಾಗೂ ಹಿಂಗ, ಆ ಶುಕ್ರನ್ನ ನೋಡು, ಅದಕ್ಕ ಬಾಲ ಐತಲ್ಲ, ಹಂಗ ಕಾಣ್ತೈತಿ."

ಅವಳು ಆಕಾಶ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. "ಈಗ ದುರ್ಬೀನು ಎಲ್ಲೈತ್ರಿ?"

ನಾನು ಕನ್ನಡಕ ಹಾಕಿಕೊಂಡೆ. ಬಾಲ ಹೋಯಿತು. ತೆಗೆದೆ. ಬಂತು. ತಲೆ ಓರೆ ಮಾಡಿದೆ. ಬಾಲವೂ ಓರೆಯಾಯಿತು.

ಚುಕ್ಕಿಯನ್ನು ಒಂದು ಕಡೆ ಎಳೆದಂತೆ ತೋರಿಸುವ ಈ ಕಣ್ಣಿನ ದೋಷಕ್ಕೆ ನಮ್ಮ ಧಂದೆಯಲ್ಲಿ ಸಿಲಿಂಡರ್ ನಂಬರು ಎನ್ನುತ್ತಾರೆ. ಗುಂಡಿ ತಿರುಗಿಸಿದರೆ ಮಿಕ್ಕ ನಂಬರು ಹೊಂದುತ್ತದೆ, ಇದು ಹೊಂದುವುದಿಲ್ಲ. ಇದಕ್ಕೆ ಕನ್ನಡಕವೇ ಬೇಕು. ಮೂವತ್ತು ವರ್ಷದಿಂದ ದಿನವೂ ಗಿರಾಕಿಗಳಿಗೆ ಇದನ್ನು ವಿವರಿಸುತ್ತ ಬಂದವನು ನಾನೇ.

"ಮೂರು ಊರಾಗ ಮೂರು ದುರ್ಬೀನು ಕೆಟ್ಟಾವು ಅಂದ್ರಲ್ರಿ," ಎಂದಳು ಹೆಂಡತಿ ಬಟ್ಟೆ ಮಡಚುತ್ತ. "ಮೂರೂ ಊರಿಗೆ ಹೋಗಿದ್ದು ನೀವೊಬ್ಬರ."

ತಪ್ಪೊಪ್ಪಿಗೆ

ಮರುದಿನವೇ ಲಕ್ಷ್ಮೇಶ್ವರಕ್ಕೆ ಹೋದೆ. ಮಾಸ್ತರರ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕನ್ನಡಿ ಕೆಟ್ಟಿಲ್ಲ, ಕೆಟ್ಟದ್ದು ನನ್ನ ಕಣ್ಣು, ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದೆ.

"ಅವತ್ತ ಗೊತ್ತಾತ್ರಿ," ಅಂದರು ಅವರು. "ನೀವು ಆ ಕಡೆ ಹೋಗಿ ಬಗ್ಗಿದ್ರಿ, ಬಾಲಾನೂ ನಿಮ್ಮ ಕೂಡ ಬಗ್ಗಿತು. ಕನ್ನಡಿ ಪೈಪಿನ್ಯಾಗ ಸುಮ್ಮನ ಕುಂತಿತ್ತು. ತಿರುಗಿದ್ದು ನಿಮ್ಮ ತಲಿ ಒಂದ."

"ಮತ್ಯಾಕ ಹೇಳ್ಲಿಲ್ರಿ, ಸರ್?"

"ಓಣಿ ಮಂದಿ ಎಲ್ಲಾ ನಿಂತಿದ್ರಲ್ರಿ. ಅವರ ಮುಂದ ಚಸ್ಮಾದ ಅಂಗಡಿಯವರ ಕಣ್ಣ ಸರಿ ಇಲ್ಲ ಅಂತ ಹ್ಯಾಂಗ ಹೇಳ್ಲಿ? ನಿಮ್ಮ ಹೊಟ್ಟಿ ಮ್ಯಾಲ ಹೊಡದಂಗ ಆಕ್ಕಿತ್ತು. ಕನ್ನಡಿಗೇನು, ಕೆಟ್ಟೈತಿ ಅಂದ್ರೂ ಸುಮ್ಮನ ಇರ್ತೈತಿ."

ನನ್ನ ಅಂಗಡಿ ಉಳಿಯಲೆಂದು ತನ್ನ ಒಂದೂವರೆ ವರ್ಷದ ದುಡಿಮೆ ಹತ್ತು ಜನರೆದುರು ಕೆಟ್ಟದ್ದು ಅನ್ನಿಸಿಕೊಂಡರೂ ಸುಮ್ಮನಿದ್ದ ಮನುಷ್ಯ. ಕತ್ತಲಾದ ಮೇಲೆ ಅವರು ಚಾದರ ತೆಗೆದರು. ಕನ್ನಡಕ ಹಾಕಿಕೊಂಡೇ ಕಣ್ಣಿಟ್ಟೆ. ಶನಿ ಇದ್ದ, ಉಂಗುರ ಇತ್ತು, ಚೂಪಾಗಿ, ಸ್ವಚ್ಛವಾಗಿ. ಇದಕ್ಕಿಂತ ಒಳ್ಳೆಯ ಕನ್ನಡಿ ನನಗೆ ಬೇಕಿರಲಿಲ್ಲ.

ಹೊರಡುವ ಮೊದಲು ಸಣ್ಣ ದನಿಯಲ್ಲಿ ಕೇಳಿದೆ: "ಈ ವಿಷಯ ಮತ್ತ ಯಾರ ಮುಂದೂ..."

"ದೇವರಾಣಿ ಇಲ್ರಿ. ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ."

ಚಹಾ ತಂದ ಅವರ ಹೆಂಡತಿ ಬಟ್ಟಲು ನನ್ನ ಕೈಗೆ ಕೊಟ್ಟರು. "ಖರೇನರಿ, ನನಗೂ ಹೇಳಿಲ್ಲ ಇವರು. ಹೋದ ಸಲ ನೀವು ಬಂದು ಹೋದ ಮರುದಿನ ಮೊದಲನೇ ಬಸ್ಸಿಗೆ ಮನಿಮಂದಿನ್ನೆಲ್ಲಾ ಹುಬ್ಬಳ್ಳಿಗೆ ಕರಕೊಂಡು ಹೋಗಿ, ನಿಮ್ಮ ಅಂಗಡ್ಯಾಗ ಮಾಡಿಸಿದ್ದ ನಾಕೂ ಚಸ್ಮಾ ಮತ್ತ ತಪಾಸ ಮಾಡಿಸಿದ್ರು. ಯಾಕಂತ ನನಗ ಇವತ್ತ ತಿಳೀತು."