ಎರಡು ಎಣಿಕೆಗಳ ನಡುವೆ

ಕಂಡವರ ಮನೆ ಬಾಗಿಲಲ್ಲಿ ನಿಂತು "ನಿಮ್ಮ ಮನೇಲಿ ಎಷ್ಟು ಜನ?" ಎಂದು ಕೇಳಿ ಸಂಬಳ ತೆಗೆದುಕೊಂಡವನು ನಾನು. ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಮೊದಲ ದಿನ ಮಧ್ಯಾಹ್ನದವರೆಗೆ ನನಗೂ ಹಾಗೇ ಅನ್ನಿಸಿತ್ತು. ಚಿಕ್ಕಬಳ್ಳಾಪುರ ಆಗಷ್ಟೇ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಆರೋಗ್ಯ ಸಂಶೋಧನೆಯವರು ಶಿಡ್ಲಘಟ್ಟ ತಾಲ್ಲೂಕಿನ ಕೆಲವು ಹಳ್ಳಿಗಳ ಮನೆಮನೆಯನ್ನೂ ಪಟ್ಟಿ ಮಾಡಿಕೊಂಡು, ವರ್ಷಕ್ಕೊಮ್ಮೆ ಅದೇ ಮನೆಗಳಿಗೆ ನಮ್ಮನ್ನು ಕಳಿಸುತ್ತಿದ್ದರು. ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರು ಊರು ಬಿಟ್ಟರು ಎಂದು ನಾವು ಬರೆದು ತರಬೇಕು. ಹೀಗೆ ಹತ್ತಾರು ವರ್ಷ ಬರೆದರೆ ಜನಕ್ಕೆ ಏನು ಆಗಿ ಬರುತ್ತದೆ, ಏನು ಆಗಿ ಬರುವುದಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ ಎನ್ನುವುದು ಈ ಕೆಲಸ ನಡೆಸುತ್ತಿದ್ದ ನಮ್ಮ ಡಾಕ್ಟರಮ್ಮನ ನಂಬಿಕೆ. ನನ್ನ ಪಾಲಿಗೆ ಬಂದದ್ದು ದಿಬ್ಬೂರಹಳ್ಳಿ ಕಡೆಯ ಮನೆಗಳು.

ಗಂಡನ ಹೆಸರು ಕೇಳಿದರೆ ಹೆಂಗಸರು ಪಕ್ಕದ ಮನೆಯವರನ್ನು ಕೂಗಿ ಹೇಳಿಸುತ್ತಿದ್ದರು. ಒಂದು ಮನೆಯಲ್ಲಂತೂ ಲಕ್ಷ್ಮಿ, ವಯಸ್ಸು ನಾಲ್ಕು ಎಂದು ಬರೆದುಕೊಂಡು, "ಅಂಗನವಾಡಿಗೆ ಹೋಗ್ತಾಳಾ?" ಎಂದು ಕೇಳಿದ ಮೇಲೆ ಅದು ಎಮ್ಮೆ ಎಂದು ಗೊತ್ತಾಯಿತು. ಆದರೆ ನನ್ನನ್ನು ನಿಜವಾಗಿ ಸತಾಯಿಸಿದವರು ರೇಷ್ಮೆ ಹುಳ ಸಾಕುತ್ತಿದ್ದ ವೆಂಕಟಮ್ಮನವರು. ಮೊದಲ ವರ್ಷ ಅರವತ್ತು ಎಂದಿದ್ದವರು ಎರಡನೆಯ ವರ್ಷ, "ಐವತ್ತೈದು ಹಾಕ್ಕೊ ನಾಯ್ನಾ" ಅಂದರು.

"ಅಜ್ಜಿ, ಹೋದ ವರ್ಷ ಅರವತ್ತು ಅಂದಿದ್ರಲ್ಲ?"

"ಹೋದ್ ವರ್ಷ ಮಂಡಿ ನೋವಿತ್ತಪ್ಪ. ಈಗ ವಾಸಿ."

ಇಂಥವರ ನಡುವೆ ದಿನಕ್ಕೆ ಇಷ್ಟು ಮನೆ ಮುಗಿಸಬೇಕಲ್ಲ! ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಹುಟ್ಟು, ಸಾವು, ಬಂದದ್ದು, ಹೋದದ್ದು ಎಂದು ನಾಲ್ಕು ಪ್ರಶ್ನೆ ಕೇಳುವ ಬದಲು, ಬಾಗಿಲಲ್ಲೇ ನಿಂತು "ಎಲ್ಲಾ ಹಾಗೇ ತಾನೇ?" ಎಂದು ಒಂದೇ ಮಾತು ಕೇಳುತ್ತಿದ್ದೆ. "ಹೂಂ" ಎಂದರೆ ಸಾಕು, "ಬದಲಾವಣೆ ಇಲ್ಲ" ಎಂದು ಬರೆದು ಮುಂದಿನ ಮನೆಗೆ ಹೊರಡುತ್ತಿದ್ದೆ. ಚಿತ್ತುಕಾಟಿಲ್ಲದ ನನ್ನ ಹಾಳೆಗಳನ್ನು ಡಾಕ್ಟರಮ್ಮ ಬೇರೆಯವರಿಗೂ ತೋರಿಸುತ್ತಿದ್ದರು. ನಾನು ತಲೆ ತಗ್ಗಿಸಿ ವಿನಯ ನಟಿಸುತ್ತಿದ್ದೆ.

ಮೂರನೆಯ ವರ್ಷ ನಾನು ಹೋದಾಗ ವೆಂಕಟಮ್ಮನವರ ಮನೆಯಲ್ಲಿ ಹುಳ ಹಣ್ಣಾಗಿತ್ತು. ಗೂಡು ಕಟ್ಟುವ ಹೊತ್ತಿಗೆ ಹುಳಗಳನ್ನೆಲ್ಲ ಬೇಗ ಬೇಗ ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ತಡವಾದರೆ ಬೆಳೆ ಕೆಡುತ್ತದೆ. ಬಾಗಿಲಲ್ಲಿ ನನ್ನ ಮಾಮೂಲು ಪ್ರಶ್ನೆ ಕೇಳಿ, "ಹೂಂ" ಅನ್ನಿಸಿಕೊಂಡು, ಬರೆದೂ ಮುಗಿಸಿದ್ದೆ. ಅಷ್ಟರಲ್ಲಿ ಅಜ್ಜಿ, "ಸುಮ್ನೆ ನಿಂತಿದೀಯಲ್ಲ, ಕೈ ತೊಳ್ಕೊಂಡು ಬಾ, ನಾಲ್ಕು ಹುಳ ಆರ್ಸು" ಅಂದರು. ಒಲ್ಲೆ ಎನ್ನಲಾಗಲಿಲ್ಲ. ಹಾಳೆ ಪೆನ್ನು ಜಗಲಿಯಲ್ಲಿಟ್ಟು, ಅವರ ಸೊಸೆ ನಾಗವೇಣಿಯ ಎದುರು ಹುಳದ ತಟ್ಟೆಯ ಮುಂದೆ ಕೂತೆ. ಎರಡು ವರ್ಷದಲ್ಲಿ ಆಕೆ ನನ್ನೊಡನೆ ಎರಡು ಮಾತೂ ಆಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಕೇಳಿದಳು:

"ಅಣ್ಣ, ನೀವು ಹೋದ್ ಸಲ ಬಂದು ಹೋದ್ಮೇಲೆ ಹುಟ್ಟಿ, ಈ ಸಲ ಬರೋದ್ರೊಳಗೆ ಹೋಗ್ಬಿಟ್ರೆ, ಅವ್ರನ್ನ ಎಲ್ಲಿ ಬರ್ಕೊಂತೀರಾ?"

ನನ್ನ ಕೈಯಲ್ಲಿದ್ದ ಹುಳ ಕೈಯಲ್ಲೇ ಉಳಿಯಿತು. "ಯಾರಮ್ಮ?"

"ಹೆಣ್ಣು ಮಗು. ಮೂರು ದಿವ್ಸ ಇತ್ತು."

"ಮತ್ತೆ ನಾನು ಕೇಳ್ದಾಗ ಯಾಕಮ್ಮ ಹೇಳ್ಲಿಲ್ಲ?"

"ಎಲ್ಲಾ ಹಾಗೇ ತಾನೇ ಅಂದ್ರಿ. ನಾಲ್ಕು ಜನ ಇದ್ವಿ, ನಾಲ್ಕೇ ಜನ ಇದೀವಿ."

ವೆಂಕಟಮ್ಮನವರು "ಈಗ್ಯಾಕೆ ಅದೆಲ್ಲ" ಎಂದು ಗದರಲು ಹೋದವರು, ಅರ್ಧಕ್ಕೇ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ಚಂದ್ರಿಕೆ ತುಂಬಿದ ಮೇಲೆ ನಾನು ಹೊರಗೆ ಬಂದು "ಬದಲಾವಣೆ ಇಲ್ಲ" ಎಂಬುದನ್ನು ಹೊಡೆದುಹಾಕಿದೆ. ಹೆಸರಿನ ಜಾಗ ಬಂದಾಗ ಪೆನ್ನು ನಿಂತಿತು. "ನಾಮಕರಣ ಆಗಿರ್ಲಿಲ್ಲ ಕಣಪ್ಪ, ಹೆಣ್ಣು ಮಗು ಅಂತ ಹಾಕ್ಕೊ" ಎಂದರು ಅಜ್ಜಿ. ನಾಗವೇಣಿ ಮಾತ್ರ ಮೆಲ್ಲಗೆ, "ಮನಸ್ನಲ್ಲಿ ಭಾಗ್ಯ ಅಂತ ಕರೀತಿದ್ದೆ" ಅಂದಳು. ಹುಟ್ಟಿದವರ ಸಾಲಿನಲ್ಲೂ ತೀರಿಕೊಂಡವರ ಸಾಲಿನಲ್ಲೂ ಭಾಗ್ಯ ಎಂದು ಬರೆದೆ. ಆಕೆ ಓದಲು ಬಲ್ಲವಳು. ಹಾಳೆ ಇಸಕೊಂಡು ಎರಡು ಕಡೆಯೂ ಓದಿ, ಮರಳಿ ಕೊಟ್ಟಳು.

ಕೆಲಸ ಹೋದರೂ ಹೋಗಲಿ ಎಂದು ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನ ಹಳೆಯ ಹಾಳೆಗಳನ್ನು ತೆಗೆದು ಮುಂದಿಟ್ಟುಕೊಂಡರು. "ಯಾವ ಮಕ್ಕಳಿಗೋಸ್ಕರ ಇದೆಲ್ಲ ಮಾಡ್ತಿದೀವೋ, ಅವರನ್ನೇ ಬಿಟ್ಟಿದೀರಲ್ರೀ. ಅಷ್ಟು ಚೊಕ್ಕವಾದ ಹಾಳೆ ನೋಡಿ ನನಗಾದ್ರೂ ಅನುಮಾನ ಬರಬೇಕಿತ್ತು" ಅಂದರು. ನನ್ನ ಮನೆಗಳಿಗೆಲ್ಲ ಮತ್ತೆ ಹೋದೆ. ಈ ಸಲ ಕೂತು ಕೇಳಿದೆ. ಇನ್ನೂ ಕೆಲವು ಮನೆಗಳಲ್ಲಿ ಹೀಗೆ ನಡುವೆ ಬಂದು ಹೋದವರು ಸಿಕ್ಕರು. ಆ ಹಾಳೆ ಹಿಡಿದೇ ಡಾಕ್ಟರಮ್ಮ ಆ ಹಳ್ಳಿಗಳ ಬಸುರಿಯರನ್ನು ತಿಂಗಳು ತಿಂಗಳೂ ನೋಡುವ ಏರ್ಪಾಡು ಮಾಡಿಸಿದರು. ಮುಂದಿನ ವರ್ಷ ನಾಗವೇಣಿಗೆ ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನಾನು ಹೋದಾಗ ಐದನೆಯವಳು ಜೋಲಿಯಲ್ಲಿ ಕಿರುಚುತ್ತಿದ್ದಳು.

ಆ ಭಾನುವಾರ ಚಿಂತಾಮಣಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಈ ಸಂಗತಿಯನ್ನೆಲ್ಲ ಅಮ್ಮನಿಗೆ ಸ್ವಲ್ಪ ಬಣ್ಣ ಹಚ್ಚಿಯೇ ಹೇಳಿದೆ. ಅಮ್ಮ ಮುದ್ದೆಗೆ ಸಾರು ಬಡಿಸುತ್ತಾ ಕೇಳಿಸಿಕೊಂಡಳು.

"ನಂಗೂ ಒಂದು ಹೋಯ್ತು ಕಣೋ, ನಿನಗಿಂತ ಮುಂಚೆ. ಹೆಣ್ಣೇ. ಹನ್ನೊಂದು ದಿವ್ಸ ಇತ್ತು."

"ನಂಗೆ ಯಾವತ್ತೂ ಹೇಳೇ ಇಲ್ವಲ್ಲಮ್ಮ!"

"ನೀನ್ಯಾವತ್ತು ಕೇಳಿದ್ದೆ?"

ಹಿರಿಯವನು, ಹಿರಿಯವನು ಎಂದು ಮೂವತ್ತು ವರ್ಷ ತಂಗಿಯರ ಮೇಲೆ ದರ್ಬಾರು ನಡೆಸಿ, ಹೋಳಿಗೆಯಲ್ಲಿ ಮೊದಲನೆಯದನ್ನೇ ಕೇಳಿ ತಿನ್ನುತ್ತಿದ್ದ ನಾನು, ಒಂದು ತುತ್ತು ಮುದ್ದೆ ನುಂಗುವಷ್ಟರಲ್ಲಿ ಎರಡನೆಯವನಾಗಿಬಿಟ್ಟೆ.