ಶೇಂಗಾ ಇರಬಹುದಾದ ಶೇಂಗಾ ಹೋಳಿಗೆ

"ಇನ್ನ ಮ್ಯಾಲೆ ನಮ್ಮ ಮನಿಯಿಂದ ಲೇಬಲ್ ಇಲ್ದ ಒಂದ ಹೋಳಿಗಿನೂ ಹೊರಗ ಹೋಗಂಗಿಲ್ಲ!" ಎಂದು ನಿಂಗರಾಜ ಘೋಷಿಸಿದಾಗ ಅವನ ಕೈಯಲ್ಲಿ ಚಹಾದ ಕಪ್ಪಿತ್ತು, ಕಣ್ಣಲ್ಲಿ ದೇಶೋದ್ಧಾರದ ಹೊಳಪಿತ್ತು.

ನಿಂಗರಾಜ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕರ್. ಅಂಗಿಯ ಕಾಲರಿನ ಹಿಂದೆ ಹೊಲಿದ ಚೀಟಿ ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡಿ ನೋಡಿ, ಚೀಟಿಯಿಲ್ಲದ ವಸ್ತು ಈ ಭೂಮಿಗೆ ಭಾರ ಎಂಬ ತತ್ವಕ್ಕೆ ಬಂದು ನಿಂತಿದ್ದ. ಹೆಂಡತಿ ರಾಜಶ್ರೀ ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲೇ ಶೇಂಗಾ ಹೋಳಿಗೆ ಮಾಡಿ ಸುತ್ತಲಿನ ಪಿಜಿ ಹುಡುಗಿಯರಿಗೆ ಮಾರುತ್ತಿದ್ದಳು. ಗದಗ ಬಿಟ್ಟು ಬಂದ ಮೇಲೆ ಅವಳ ಕೈಗುಣ ಇನ್ನಷ್ಟು ಹೆಚ್ಚಿತ್ತು. ಅವನ ತತ್ವವೂ ಹೆಚ್ಚಿತ್ತು.

ಘೋಷಣೆಗೆ ಕಾರಣ ಎದುರಿನ ಪಿಜಿಯ ಸೌಮ್ಯ. ಅವಳು ಬಾಗಿಲಲ್ಲಿ ನಿಂತು, "ಅಕ್ಕಾ, ಇದರಲ್ಲಿ ಎಳ್ಳು ಹಾಕಿದ್ದೀರಾ? ನಂಗೆ ಎಳ್ಳು ಅಲರ್ಜಿ. ತುಟಿ ಎಲ್ಲಾ ಊದ್ಕೊಂಡ್ಬಿಡತ್ತೆ" ಎಂದಿದ್ದಳು.

"ಹಾಕೇನವಾ, ಇದನ್ನ ಮುಟ್ಟಬ್ಯಾಡ. ನಿನಗ ಎಳ್ಳ ಇಲ್ದಂಗ ಬ್ಯಾರೆ ಮಾಡಿಕೊಡ್ತೀನಿ" ಎಂದು ರಾಜಶ್ರೀ ಹೇಳಿದಳು. ವಿಷಯ ಅಲ್ಲಿಗೆ ಮುಗಿದಿತ್ತು. ಆದರೆ ನಿಂಗರಾಜ ಮನೆಯಲ್ಲಿದ್ದನಲ್ಲ!

"ಹಿಂಗ ಬಾಯಿಮಾತಿನಾಗ ಹೇಳಿದ್ರ ಆಗಂಗಿಲ್ಲ ರಾಜಿ. ಎಚ್ಚರಿಕಿ ಪ್ಯಾಕೆಟಿನ ಮ್ಯಾಲೆ ಇರಬೇಕು. ಫಾರಿನ್‌ನಾಗ ಹಂಗ ಇರ್ತೈತಿ."

"ಫಾರಿನ್‌ನಾಗ ಹೋಳಿಗಿ ಇರ್ತಾವೇನ್ರೀ?"

ಇಂಥ ಅಡ್ಡಪ್ರಶ್ನೆಗಳಿಗೆ ಸುಧಾರಕರು ಉತ್ತರಿಸುವುದಿಲ್ಲ. ನಿಂಗರಾಜ ಜಯನಗರದ ದೊಡ್ಡ ಅಂಗಡಿಯೊಂದಕ್ಕೆ ಹೋಗಿ ವಿದೇಶದ ಬಿಸ್ಕತ್ತಿನ ಪೊಟ್ಟಣ ತಂದ. ಬಿಸ್ಕತ್ತು ತಿನ್ನಲಿಲ್ಲ, ಪೊಟ್ಟಣ ಓದಿದ! ಅದರ ಬೆನ್ನ ಮೇಲಿದ್ದ ಎಚ್ಚರಿಕೆಯ ಸಾಲನ್ನು ಮೊಬೈಲಿಗೆ ತೋರಿಸಿ ಕನ್ನಡ ಮಾಡಿಸಿದ. ಶೇಂಗಾ, ಗೋಧಿ, ಹಾಲು, ಸೋಯಾ, ಮೊಟ್ಟೆ, ಮೀನು ಎಲ್ಲ ಸಲೀಸಾಗಿ ಬಂದವು. ಕೊನೆಯಲ್ಲಿ 'ಕಠಿಣಚರ್ಮಿಗಳು' ಎಂದು ಬಂತು.

"ದಪ್ಪ ಚರ್ಮದ್ದು ಅಂದ್ರ ಎಮ್ಮಿ ಏನ?" ಎಂದು ತನಗೆ ತಾನೇ ಗೊಣಗಿದ. ಹುಡುಕಿದಾಗ ಅದು ಏಡಿ, ಸಿಗಡಿ ಎಂದು ಗೊತ್ತಾಯಿತು. ಜನಸಾಮಾನ್ಯರಿಗೆ ತಿಳಿಯಬೇಡವೇ? 'ಕಠಿಣಚರ್ಮಿ'ಯನ್ನು ಹೊಡೆದುಹಾಕಿ 'ಏಡಿ, ಸಿಗಡಿ' ಎಂದು ಅಚ್ಚಗನ್ನಡದಲ್ಲಿ ಬರೆದ. ತನ್ನ ಜನಪರ ಕಾಳಜಿಯನ್ನು ತಾನೇ ಮೆಚ್ಚಿಕೊಂಡ.

ಅಚ್ಚಾಗಿ ಬಂದ ಚೀಟಿಯನ್ನು ಅಡುಗೆಮನೆಗೆ ಒಯ್ದು ಹೆಂಡತಿಯ ಮುಖದ ಮುಂದೆ ಹಿಡಿದ. ರಾಜಶ್ರೀ ಮೊದಲ ಸಾಲನ್ನಷ್ಟೇ ಓದಿದಳು.

"'ಇದರಲ್ಲಿ ಶೇಂಗಾ ಇರಬಹುದು.' ಇರಬಹುದು ಅಂದ್ರ? ಶೇಂಗಾ ಹೋಳಿಗಿಯೊಳಗ ಶೇಂಗಾ ಐತೋ ಇಲ್ಲೋ ನಿಮಗ ಅನುಮಾನ ಏನ್ರೀ?"

"ಅದು ಕಾನೂನಿನ ಭಾಷಾ. ನಿನಗ ತಿಳಿಯಂಗಿಲ್ಲ."

ಎರಡನೆಯ ಸಾಲಿಗೆ ಅವಳ ಕಣ್ಣು ಇಳಿಯಬೇಕು, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಅವಳು ಒಲೆಯತ್ತ ಓಡಿದಳು. ನಿಂಗರಾಜನ ದುರ್ದೈವಕ್ಕೆ ಹಾಲಿಗೂ ಅದೇ ಗಳಿಗೆ ಬೇಕಿತ್ತು!

ಕೆಳಮನೆಯ ಓನರ್ ಬೈರಣ್ಣ, ಗೌರಮ್ಮ ದಂಪತಿಗಳ ಮನೆಯಲ್ಲಿ ಮರುದಿನ ಸತ್ಯನಾರಾಯಣ ಪೂಜೆ. ಈ ಬೀದಿಯೆಲ್ಲ ಒಂದು ಕಾಲಕ್ಕೆ ಬೈರಣ್ಣನ ಅಪ್ಪನ ರಾಗಿ ಹೊಲ. ಈಗ ಅಲ್ಲಿ ಬೆಳೆಯುವುದು ಬಾಡಿಗೆದಾರರು. ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡಲು ಗೌರಮ್ಮ ರಾಜಶ್ರೀಗೇ ಹೋಳಿಗೆ ಹೇಳಿದ್ದರು. ರಾಜಶ್ರೀಗೆ ಇದು ಸಣ್ಣ ಮಾತಲ್ಲ. ಜಯನಗರ, ಬನಶಂಕರಿಯಿಂದ ಬರುವ ಆ ಹೆಂಗಸರ ಬಾಯಿಗೆ ಒಮ್ಮೆ ರುಚಿ ಹತ್ತಿದರೆ ಸಾಕು, ಪಿಜಿಯ ಬೀದಿ ದಾಟಿ ಅವಳ ಹೋಳಿಗೆ ದೊಡ್ಡ ದೊಡ್ಡ ಮನೆಗಳ ಮದುವೆ, ಮುಂಜಿಗೆ ಹೋಗುತ್ತಿತ್ತು. ಹಬೆಯಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ, ಹೋಳಿಗೆಯ ಅಂಚು ಕೂಡ ಗುಂಡಗಿರುವಂತೆ ಲಟ್ಟಿಸಿದ್ದಳು. ನಿಂಗರಾಜ ಪ್ರತಿ ಪೊಟ್ಟಣಕ್ಕೂ ಚೀಟಿ ಅಂಟಿಸಿ, ಗೆರೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿ, ತಾನೇ ಕೆಳಗೆ ಹೊತ್ತು ತಂದ.

ಮಂಗಳಾರತಿ ಆಯಿತು. ತಾಂಬೂಲ ಹಂಚಿದ್ದೂ ಆಯಿತು. ಗೌರಮ್ಮನ ಅತ್ತಿಗೆ ಸರ್ವಮಂಗಳಾ ಕೈಗೆ ಬಂದ ಯಾವುದನ್ನೂ ಓದದೆ ಬಿಡುವವರಲ್ಲ. ಕನ್ನಡಕ ಏರಿಸಿ, ಕಥೆ ಓದಿದಷ್ಟೇ ಸ್ಪಷ್ಟವಾಗಿ, ದೇವರ ಮುಂದೆಯೇ ಓದತೊಡಗಿದರು.

"ಇದರಲ್ಲಿ ಶೇಂಗಾ ಇರಬಹುದು. ಗೋಧಿ, ಹಾಲು, ಸೋಯಾ, ಮೊಟ್ಟೆ... ಮೊಟ್ಟೆ?... ಮೀನು, ಏಡಿ, ಸಿಗಡಿಯ ಅಂಶಗಳೂ ಇರಬಹುದು. ಅಯ್ಯೋ ಸತ್ಯನಾರಾಯಣಾ! ಗೌರಾ, ಏನೇ ಇದು ತಾಂಬೂಲ?"

ಆಗಲೇ ಅರ್ಧ ಹೋಳಿಗೆ ಮುಗಿಸಿದ್ದ ಹೆಂಗಸೊಬ್ಬರು ನುಂಗಲೂ ಆಗದೆ ಉಗುಳಲೂ ಆಗದೆ ಕೆನ್ನೆ ಉಬ್ಬಿಸಿ ಕೂತರು. ಗೌರಮ್ಮನ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾಯಿತು.

"ನಿಂಗರಾಜೂ!" ಎಂದು ಬೈರಣ್ಣ ಗುಡುಗಿದರು. "ಭಾನುವಾರ ನಮ್ಮನೇಲಿ ಮೀನು ಹುರಿದ್ರೆ ಕಿಟಕಿ ದಬ ದಬ ಅಂತ ಮುಚ್ತೀಯಲ್ಲಯ್ಯಾ! ಊದಿನಕಡ್ಡಿ ಬೇರೆ ಹಚ್ತೀಯಾ! ಮೇಲ್ಗಡೆ ಕದ್ದುಮುಚ್ಚಿ ಏಡಿ ಬೇಯಿಸ್ತಿದ್ಯಾ?"

"ಇಲ್ರೀ ಅಣ್ಣಾರ! 'ಇರಬಹುದು' ಅಂದ್ರ ಇಲ್ಲ ಅಂತ ಅರ್ಥರೀ!"

"ಇಲ್ದಿದ್ಮೇಲೆ ಯಾಕಯ್ಯಾ ಬರ್ದೆ?"

"ಅಕಸ್ಮಾತ್ ಇದ್ರ ಅಂತ..."

"ಅಂದ್ರೆ ಇದೆ!"

"ಇಲ್ರೀ!"

"ಹಂಗಾದ್ರೆ ಬಾಡಿಗೆ ಅಗ್ರಿಮೆಂಟಲ್ಲೂ 'ಸಸ್ಯಾಹಾರಿಗಳು ಇರಬಹುದು' ಅಂತ ಬರೀಬೇಕಿತ್ತು ಕಣಯ್ಯಾ!"

ಗದ್ದಲ ಕೇಳಿ ರಾಜಶ್ರೀ ಮೇಲಿನಿಂದ ಓಡಿ ಬಂದಳು. ಸರ್ವಮಂಗಳಾ ಪೊಟ್ಟಣವನ್ನು ಅವಳ ಕೈಗಿಟ್ಟರು. ಈ ಸಲ ಎಲ್ಲ ಸಾಲುಗಳನ್ನೂ ಓದಿದಳು. ಗಂಡನನ್ನು ಒಮ್ಮೆ ನೋಡಿದಳು. ನಿಂಗರಾಜನಿಗೆ ಆ ಕ್ಷಣ ತಾನೇ ಒಂದು ಏಡಿಯಾಗಿ ಅಡ್ಡಡ್ಡ ಓಡಿ ಸೋಫಾದ ಕೆಳಗೆ ಸೇರಿಕೊಳ್ಳೋಣ ಅನ್ನಿಸಿತು.

"ಆಂಟಿ, ನಮ್ಮನಿಯೊಳಗ ತತ್ತಿ ಸೈತ ಬರಂಗಿಲ್ರೀ" ಎಂದು ರಾಜಶ್ರೀ ಗೌರಮ್ಮನಿಗೆ ಹೇಳಿದಳು. "ಎಲ್ಲಾರೂ ಮ್ಯಾಲೆ ಬರ್ರಿ. ಡಬ್ಬಿ ತೆಗೆದು ನೋಡ್ರಿ. ಏಡಿ ಬ್ಯಾಡ, ಏಡಿ ಕಾಲ ಸಿಕ್ರೂ ಇವತ್ತ ಮನಿ ಬಿಡ್ತೀನಿ."

ಮುತ್ತೈದೆಯರ ಮೆರವಣಿಗೆ ಮೆಟ್ಟಿಲು ಹತ್ತಿತು. ಸರ್ವಮಂಗಳಾ ಡಬ್ಬಿಗಳನ್ನು ತೆರೆದರು, ಮೂಸಿದರು, ಫ್ರಿಜ್ಜಿನೊಳಗೆ ತಲೆ ಹಾಕಿದರು. ಸಿಕ್ಕಿದ್ದು ಬೆಲ್ಲ, ಏಲಕ್ಕಿ, ಎಳ್ಳು, ಹುರಿದ ಶೇಂಗಾ. ತನಿಖೆ ನಡೆಯುತ್ತಿದ್ದಂತೆಯೇ ರಾಜಶ್ರೀ ಕಾವಲಿ ಇಟ್ಟು, ಎಲ್ಲರ ಕಣ್ಣೆದುರೇ ಹೂರಣ ತುಂಬಿ ಬಿಸಿಬಿಸಿ ಹೋಳಿಗೆ ತೆಗೆದಳು. ಸರ್ವಮಂಗಳಾ ಮೊದಲನೆಯದನ್ನು ಅನುಮಾನದಿಂದ ತಿಂದರು. ಎರಡನೆಯದನ್ನು ತುಪ್ಪದೊಂದಿಗೆ ತಿಂದರು.

"ಈ ಹುಡುಗಿ ಕೈ ಚಿನ್ನ ಕಣೇ ಗೌರಾ. ತಪ್ಪೆಲ್ಲಾ ಗಂಡಂದು" ಎಂದು ತೀರ್ಪು ಬಂತು. ಗೌರಮ್ಮ ನಿಟ್ಟುಸಿರು ಬಿಟ್ಟು ರಾಜಶ್ರೀಯ ಬೆನ್ನು ಸವರಿದರು.

ಗಂಡ ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕುಳಿತು ಚೀಟಿ ಕೀಳುತ್ತಿದ್ದ. ಗೋಂದು ಕೂಡ ಅವನೇ ಆರಿಸಿದ್ದ ಒಳ್ಳೆ ಕ್ವಾಲಿಟಿಯದು! ಚೀಟಿಗಿಂತ ಉಗುರು ಬೇಗ ಕಿತ್ತುಬರುತ್ತಿತ್ತು. ಅಷ್ಟರಲ್ಲಿ ಕೆಲವರು ಪೊಟ್ಟಣದ ಸಮೇತ ಮನೆಗೆ ಹೊರಟೂ ಹೋಗಿದ್ದರು.

ಎಲ್ಲರೂ ಹೋದ ಮೇಲೆ ರಾಜಶ್ರೀ ಒಂದು ಚೀಟಿಯನ್ನು ಬೆಳಕಿಗೆ ಹಿಡಿದಳು.

"ಏನ್ರೀ, ಮೀನ ಐತಿ, ತತ್ತಿ ಐತಿ, ಸಮುದ್ರದಾಗಿನ ಎಲ್ಲಾ ಐತಿ. ಆ ಹುಡುಗಿ ಕೇಳಿದ್ದು ಎಳ್ಳು. ಎಳ್ಳ ಎಲ್ಲೈತಿ?"

ನಿಂಗರಾಜ ಚೀಟಿ ಕಸಿದುಕೊಂಡು ಓದಿದ. ತಿರುಗಿಸಿ ಓದಿದ. ಬಿಸ್ಕತ್ತಿನವರು ಬರೆದಿರಲಿಲ್ಲ, ಅವನೂ ಬರೆದಿರಲಿಲ್ಲ.

"ನಿಮ್ಮ ಲೇಬಲ್‌ನೊಳಗ ಎಳ್ಳೂ ಇಲ್ಲ, ಎಳ್ಳಷ್ಟು ಬುದ್ಧಿನೂ ಇಲ್ಲ" ಎಂದು ಹೇಳಿ ಅವಳು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ನಿಂಗರಾಜನ ಫೋನು ಬಡಿದುಕೊಂಡಿತು. ಚೀಟಿಯ ಅಡಿಯಲ್ಲಿ ಅವನದೇ ನಂಬರ್ ಇತ್ತಲ್ಲ.

"ಸಾರ್, ನಾನು ಬನಶಂಕರಿಯಿಂದ ಶಶಿಕಾಂತ್. ನಮ್ಮನೆಯವ್ರು ಪೂಜೆಯಿಂದ ನಿಮ್ಮ ಪ್ಯಾಕೆಟ್ ತಂದಿದ್ರು. ಏಡಿ ಹೋಳಿಗೆ! ಎಂಥಾ ಐಡಿಯಾ ಗುರುಗಳೇ! ಒಂದು ಡಜನ್ ಬೇಕಿತ್ತು."

"ಸಾರ್, ನಮ್ಮದು ಶುದ್ಧ ಸಸ್ಯಾಹಾರಿ. ಒಳಗ ಏಡಿ ಗೀಡಿ ಏನೂ ಇಲ್ರೀ."

"ಏಡಿ ಇಲ್ವಾ?"

"ಇಲ್ರೀ."

"ಸಿಗಡಿನಾದ್ರೂ?"

"ಅದೂ ಇಲ್ರೀ."

ಆ ಕಡೆಯ ದನಿ ಏರಿತು.

"ಏನ್ ಸ್ವಾಮಿ, ಏಡಿ ಹೆಸರು ಹಾಕಿ ಜನಕ್ಕೆ ಬರೀ ಕಡ್ಲೆಕಾಯಿ ತಿನ್ನಿಸ್ತೀರಾ? ನಿಮ್ಮಂಥೋರಿಂದಾನೇ ಲೇಬಲ್ ಮೇಲಿನ ನಂಬಿಕೆ ಹೋಗಿರೋದು! ಕನ್ಸ್ಯೂಮರ್ ಕೋರ್ಟಿಗೆ ಎಳೀತೀನಿ ನೋಡ್ತಿರಿ!"