ಕೊಂಬು ಬಂದ ಮಾವಿನಹಣ್ಣು

ಲೋಕದಲ್ಲಿ ನಿಧಾನವಾಗಿ ನಡೆಯುವ ಯಾವ ಕೆಲಸವನ್ನಾದರೂ ಚಕಚಕನೆ ಮಾಡಿಸುವ ವಿದ್ಯೆ ನನಗೆ ಒಲಿದಿದೆ ಎಂದು ಕಳೆದ ಮಾವಿನ ಸುಗ್ಗಿಯಲ್ಲಿ ನಾನು ನಂಬಿದ್ದೆ. ಆ ನಂಬಿಕೆ ಸುಮಾರು ಒಂದು ವಾರ ಬಾಳಿತು.

ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ತಂಪು ಪಾನೀಯದ ಡಬ್ಬಿಗಳ ಮೇಲೆ ಚಿತ್ರ ಅಚ್ಚು ಹಾಕುವ ಕಾರ್ಖಾನೆಯೊಂದಿದೆ. ಅಲ್ಲಿ ನಾನು ಪ್ರಿಂಟಿಂಗ್ ಸೂಪರ್‌ವೈಸರ್. ನನ್ನ ಹೆಂಡತಿ ಸುಜಾತ ಅದೇ ಲೈನಿನ ಕೊನೆಯಲ್ಲಿ ಮೇಜು ಹಾಕಿಕೊಂಡು ಕೂತು, ಬರುವ ಡಬ್ಬಿಗಳಲ್ಲಿ ಆಗಾಗ ಒಂದನ್ನು ಎತ್ತಿ, ಟ್ಯೂಬ್‌ಲೈಟಿಗೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿ, ಪಾಸೋ ಫೇಲೋ ಹೇಳುವವಳು. ಅಂದರೆ ನಾನು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಆಕೆಗೆ ಕಂಪನಿಯೇ ಸಂಬಳ ಕೊಡುತ್ತದೆ. ಬೇರೆ ಹೆಂಡತಿಯರು ಇದನ್ನು ಪುಕ್ಕಟೆ ಮಾಡುತ್ತಾರೆ!

ಒಂದು ಚಿತ್ರ ಮುಗಿದು ಇನ್ನೊಂದು ಚಿತ್ರ ಶುರುವಾಗಬೇಕಾದರೆ ಮಷಿನ್ ನಿಲ್ಲಿಸಬೇಕು. ಬಣ್ಣಕ್ಕೊಂದರಂತೆ ಇರುವ ಪ್ಲೇಟುಗಳನ್ನು ಬಿಚ್ಚಿ, ಇಂಕು ತೊಳೆದು, ಹೊಸ ಪ್ಲೇಟುಗಳನ್ನು ಕೂರಿಸಿ, ಮೊದಲ ಡಬ್ಬಿಯನ್ನು ಸುಜಾತಳ ಕೈಗೆ ಕೊಡಬೇಕು. ಆಕೆ ‘ಹೂಂ’ ಅಂದ ಮೇಲೆ ಮಷಿನ್ ಮತ್ತೆ ಓಡಬೇಕು. ಇದಕ್ಕೆ ಚೇಂಜ್‌ಓವರ್ ಎಂದು ಹೆಸರು. ಬೆಳಗಿನಿಂದ ಗುಡುಗುತ್ತಿದ್ದ ಮಷಿನ್ ಆಗ ಥಟ್ಟನೆ ಸುಮ್ಮನಾಗುತ್ತದೆ. ಕಿವಿಗೆ ತುರುಕಿಕೊಂಡ ಬೆಂಡು ತೆಗೆದರೆ ಹೊರಗಿನ ಕಾಗೆ ಕೂಗುವುದೂ ಕೇಳಿಸುತ್ತದೆ. ಇಂಕು ತೊಳೆಯುವ ಹೊತ್ತಿನಲ್ಲಿ ನನಗೂ ಸುಜಾತಳಿಗೂ ಕೆಲಸವಿರುವುದಿಲ್ಲ. ಕ್ಯಾಂಟೀನಿನ ದಸ್ತಗೀರ್ ಭಾಯಿ ಟೀ ಗಾಡಿ ತಳ್ಳಿಕೊಂಡು ಬರುತ್ತಾರೆ. ನಾವಿಬ್ಬರೂ ಹಿತ್ತಲಿನ ಹೊಂಗೆ ಮರದ ಕೆಳಗೆ ಕೂತು ಟೀ ಕುಡಿಯುತ್ತೇವೆ.

ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಲು ನಮಗಿರುವ ಜಾಗ ಅದೊಂದೇ. ಮನೆಯಲ್ಲಿ ಅಮ್ಮ, ಇಬ್ಬರು ಮಕ್ಕಳು, ಒಂದು ಟೀವಿ, ಎಲ್ಲಕ್ಕೂ ಸೇರಿ ಎರಡೇ ಕೋಣೆ. ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಬಾಗಿಲಲ್ಲಿ ನೇತಾಡಿಕೊಂಡು. ಹೀಗಾಗಿ ಮಗನ ತುಂಟತನ, ಸುಗಟೂರಿನ ಅವಳ ತವರಿನ ಸುದ್ದಿ, ನನ್ನ ಮೇಲಿನ ದೂರು ಎಲ್ಲವೂ ಚೇಂಜ್‌ಓವರ್‌ಗಾಗಿ ಕಾದಿರುತ್ತಿದ್ದವು.

ಇಂಥ ನೆಮ್ಮದಿಯ ಬಾಳಿನಲ್ಲಿ ಕಂಪನಿಯವರು ನನ್ನನ್ನು ಕೋಲಾರದ ಹೋಟೆಲೊಂದರಲ್ಲಿ ನಡೆದ ತರಬೇತಿಗೆ ಕಳಿಸಿದರು. ಕೋಟು ಹಾಕಿದ ಮೇಷ್ಟ್ರೊಬ್ಬರು ಮೇಜು ಗುದ್ದಿ ಹೇಳಿದರು: “ಮಷಿನ್ ಓಡುತ್ತಿರುವಾಗಲೇ ಮುಂದಿನದ್ದಕ್ಕೆ ಬೇಕಾದದ್ದೆಲ್ಲ ಪಕ್ಕದಲ್ಲಿ ಸಿದ್ಧವಿರಬೇಕು. ಮಷಿನ್ ನಿಂತ ಮೇಲೆ ಸ್ಪ್ಯಾನರ್ ಹುಡುಕುವವನು ಕಂಪನಿಯ ಶತ್ರು!” ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ಮಧ್ಯಾಹ್ನದ ಊಟದಲ್ಲಿ ಕೇಸರಿಬಾತೂ ಇತ್ತು. ಜ್ಞಾನೋದಯಕ್ಕೆ ಇನ್ನೇನು ಬೇಕು!

ಸದರಿ ಜ್ಞಾನವನ್ನು ಮೊದಲು ಮನೆಯಲ್ಲಿ ಪ್ರಯೋಗಿಸಿದೆ. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿನಲ್ಲಿ ಆಗುವ ವಿಳಂಬವನ್ನು ನಿವಾರಿಸುವ ಸಲುವಾಗಿ, ಹಿಂದಿನ ಸಂಜೆಯೇ ಎಲ್ಲರ ಬ್ರಷ್ಷಿಗೂ ಪೇಸ್ಟ್ ಹಚ್ಚಿ ಸಾಲಾಗಿ ಇಟ್ಟೆ. ಬೆಳಗಾಗುವಷ್ಟರಲ್ಲಿ ಪೇಸ್ಟ್ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅಮ್ಮನ ಬ್ರಷ್ಷಿಗೆ ಇರುವೆ ಹತ್ತಿತ್ತು. ಅಮ್ಮ ಮುಳಬಾಗಿಲಿನ ಕಡೆಯವರು. ಸಿಟ್ಟು ಬಂದರೆ ಕನ್ನಡ ಸಾಲದೆ ತೆಲುಗೂ ನುಗ್ಗುತ್ತದೆ.

“ಲೇ ಮಂಜ, ಏಮಿರಾ ಇದಿ? ಬ್ರಷ್ ತುಂಬ ಇರುವೆ ಕಣೋ! ಬುದ್ಧಿ ಉಂದಾ ನೀಕು?”

“ಇದು ತಯಾರಿ ಅಮ್ಮಾ. ಟೈಮ್ ಉಳಿಯುತ್ತೆ.”

“ಟೈಮ್ ಉಳೀತದೆ, ಹಲ್ಲು ಉಳಿಯಲ್ಲ!”

ಸುಜಾತ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹತ್ತಿರ ಬಂದಳು. “ರೀ, ನಿಮ್ಮತ್ರ ಒಂದು ಮಾತು ಹೇಳ್ಬೇಕಿತ್ತು.”

“ಹೇಳೇ.”

ಆಕೆ ಅಮ್ಮನ ಕಡೆ ನೋಡಿದಳು. “ಇಲ್ಲಿ ಬೇಡ. ಚೇಂಜ್‌ಓವರ್‌ನಲ್ಲಿ ಹೇಳ್ತೀನಿ ಬಿಡಿ.”

ಪಾಪ, ಚೇಂಜ್‌ಓವರನ್ನೇ ಮುಗಿಸಲು ನಾನು ಹೊರಟಿದ್ದೇನೆ ಎಂದು ಆಕೆಗೇನು ಗೊತ್ತು!

ಅವತ್ತೇ ಕಾರ್ಖಾನೆಯಲ್ಲಿ, ಮಷಿನ್ ಶುರುವಾಗುವ ಮೊದಲೇ, ಸುಧಾರಣೆ ಆರಂಭಿಸಿದೆ. ಪ್ಲೇಟು, ಸ್ಪ್ಯಾನರು, ಇಂಕಿನ ಡಬ್ಬ ಎಲ್ಲವನ್ನೂ ಮುಂಚಿತವಾಗಿ ಜೋಡಿಸಿಡಲು ಚಕ್ರವಿರುವ ಗಾಡಿಯೊಂದು ಬೇಕಾಗಿತ್ತು. ಇಡೀ ಕಾರ್ಖಾನೆಯಲ್ಲಿ ಕಿರುಗುಟ್ಟದೆ ಉರುಳುವ ಗಾಡಿ ಒಂದೇ. ಅದು ಟೀ ಗಾಡಿ.

“ಅರೆ ಸಾಬ್, ಯೇ ಕ್ಯಾ?” ದಸ್ತಗೀರ್ ಭಾಯಿ ಓಡಿ ಬಂದರು. “ಗಾಡಿ ನೀವು ತಗೊಂಡ್ರೆ ಚಾಯ್ ನಾನು ತಲೆ ಮೇಲೆ ಹೊತ್ಕೊಂಡು ಬರ್ಲಾ?”

“ಇನ್ಮೇಲೆ ಚೇಂಜ್‌ಓವರ್‌ನಲ್ಲಿ ಟೀ ಇರಲ್ಲ ಭಾಯ್. ಟೈಮ್ ಇರಲ್ಲ.”

ಫಿಟ್ಟರ್ ಮುನಿರಾಜುವಿನ ಕೈಯಿಂದ ಸ್ಪ್ಯಾನರ್ ಕೆಳಗೆ ಬಿತ್ತು. ದೂರದ ಮೇಜಿನಿಂದ ಸುಜಾತ ತಲೆಯೆತ್ತಿದಳು. “ಹಂಗಾದ್ರೆ ನಮ್ಮ ಟೀ?”

“ಟೀ ಮನೇಲಿ ಕುಡಿದ್ರಾಯ್ತು ಕಣೇ!” ಎಂದೆ. ಇಂಥ ಮಾತಾಡಲು ಎಷ್ಟು ದೊಡ್ಡ ತಲೆ ಬೇಕು ನೋಡಿ.

ಮೊದಲ ಡಬ್ಬಿಯನ್ನು ಸುಜಾತಳ ಕೈಗೆ ಕೊಟ್ಟು ಕಾಯುವ ಪದ್ಧತಿಯನ್ನೂ ರದ್ದು ಮಾಡಿದೆ. ಮಷಿನ್ ಓಡುತ್ತಿರಲಿ, ಆಕೆ ಓಡುವ ಡಬ್ಬಿಗಳನ್ನೇ ನೋಡಿಕೊಳ್ಳಲಿ, ತಪ್ಪು ಕಂಡರೆ ಮೇಜಿನ ಪಕ್ಕದ ಕೆಂಪು ಬಟನ್ ಒತ್ತಲಿ. ಕಾಲ ಉಳಿಯಿತು! ಆ ವಾರ ಮಷಿನ್ ನಿಂತದ್ದು ಗೊತ್ತಾಗುವ ಮೊದಲೇ ಓಡತೊಡಗಿತು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಉಳಿದವರು ನನ್ನ ಬೆನ್ನನ್ನು ಬೇರೆ ರೀತಿಯಲ್ಲಿ ನೋಡಿದರು.

ಒಂದು ಸಲ ಮಷಿನ್ ನಿಂತ ಕೂಡಲೇ ಸುಜಾತ ಎದ್ದು ನನ್ನತ್ತ ಬಂದಳು. “ರೀ...” ಅನ್ನುವಷ್ಟರಲ್ಲಿ ಮಷಿನ್ ಗುಡುಗಿತು. ಆಕೆ ಏನೋ ಹೇಳಿದಳು, ಕೇಳಲಿಲ್ಲ. ಕೊನೆಗೆ ಬೆರಳಿನಿಂದ ತನ್ನ ಕಣ್ಣು ತೋರಿಸಿದಳು. ನನ್ನ ಸಾಹಸವನ್ನು ಕಣ್ತುಂಬ ನೋಡಿದೆ ಅನ್ನುತ್ತಿದ್ದಾಳೆ ಎಂದುಕೊಂಡು, ನಾನೂ ರಸಿಕನಂತೆ ಆಕೆಗೆ ಕಣ್ಣು ಹೊಡೆದೆ. ಆಕೆ ತಿರುಗಿ ಹೊರಟುಹೋದಳು.

ಸಂಜೆ ಬಸ್ಸಿನ ಹಿಂದಿನ ಬಾಗಿಲಿನಿಂದ ಕೂಗಿದೆ: “ಸುಜೀ, ಏನೋ ಹೇಳ್ಬೇಕು ಅಂದ್ಯಲ್ಲ, ಏನದು?”

ಬಸ್ಸಿನ ಹೆಂಗಸರೆಲ್ಲ ಹಿಂದೆ ತಿರುಗಿದರು. ಟೊಮೇಟೊ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿಯೊಬ್ಬರು ಸುಜಾತಳ ಭುಜ ತಟ್ಟಿ, “ಹೇಳವ್ವಾ, ಪಾಪ ಕೇಳ್ತಾವ್ನೆ,” ಎಂದರು. ಸುಜಾತ ಕಿಟಕಿಯ ಕಡೆ ಮುಖ ಮಾಡಿದಳು.

ನನ್ನ ಕೀರ್ತಿ ಬೆಳೆದು, ನನ್ನ ಚೇಂಜ್‌ಓವರ್‌ನ ಪ್ರದರ್ಶನಕ್ಕೆ ದಿನ ನಿಗದಿಯಾಯಿತು. ಶ್ರೀನಿವಾಸಪುರದ ಮಾವಿನ ರಸದ ಯಜಮಾನರು ತಮ್ಮ ಡಬ್ಬಿ ಅಚ್ಚಾಗುವುದನ್ನು ನೋಡಲು ಬಂದರು. ಲೈನಿನಲ್ಲಿ ಆಗ ಮಸಾಲಾ ಮಜ್ಜಿಗೆಯ ಡಬ್ಬಿ ಓಡುತ್ತಿತ್ತು. ಅದರ ಮೇಲೆ ಒಂದು ಹಸು. ಹಸುವಿನ ಕೊಂಬು, ಕಣ್ಣು, ಮೂಗು, ಬರಹ ಎಲ್ಲ ಇದ್ದದ್ದು ಕಪ್ಪು ಬಣ್ಣದ ಪ್ಲೇಟಿನಲ್ಲಿ. ಅದನ್ನೆಲ್ಲ ಬಿಚ್ಚಿ ಮಾವಿನಹಣ್ಣಿನ ಪ್ಲೇಟುಗಳನ್ನು ಹಾಕಬೇಕು. ಎಲ್ಲವನ್ನೂ ಗಾಡಿಯ ಮೇಲೆ ಜೋಡಿಸಿದ್ದೆ. ಜಾಗ ಸಾಲದೆ ಮಾವಿನ ಕಪ್ಪು ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಗಾಡಿಯ ಕೆಳಗಿನ ತಟ್ಟೆಯಲ್ಲಿಟ್ಟಿದ್ದೆ.

ಅಷ್ಟರಲ್ಲಿ ಮ್ಯಾನೇಜರು ಅತಿಥಿಗಳಿಗೆ ಟೀ ತರಲು ಹೇಳಿದ್ದರು. ದಸ್ತಗೀರ್ ಭಾಯಿ ಬಂದರು, ತಮ್ಮ ಗಾಡಿ ಕಂಡರು, ಮೇಲಿದ್ದದ್ದನ್ನೆಲ್ಲ ಗೌರವದಿಂದ ನೆಲದ ಮೇಲೆ ಇಳಿಸಿದರು, ಗಾಡಿ ತಳ್ಳಿಕೊಂಡು ಹೋದರು. ಕೆಳಗಿನ ತಟ್ಟೆ ನೋಡಲಿಲ್ಲ. ನಾನೂ ನೋಡಲಿಲ್ಲ. ನನ್ನ ಕಣ್ಣಿದ್ದದ್ದು ಗಡಿಯಾರದ ಮೇಲೆ.

ಮಷಿನ್ ನಿಂತಿತು. ನಾವು ಮುಗಿಬಿದ್ದೆವು. ಬಿಚ್ಚಿದೆವು, ತೊಳೆದೆವು, ಕೂರಿಸಿದೆವು. ನಾನೊಂದು ಕಡೆ, ಮುನಿರಾಜು ಇನ್ನೊಂದು ಕಡೆ. ಕಪ್ಪು ಪ್ಲೇಟನ್ನು ಅವನು ಬದಲಾಯಿಸಿರುತ್ತಾನೆ ಎಂದು ನಾನು ತಿಳಿದಿದ್ದೆ.

“ಸಾರ್, ಒಂದ್ನಿಮಿಷ, ಕರಿ ಪ್ಲೇಟು...”

“ಮಾತು ಬೇಡ ಮುನಿರಾಜು! ಮಾತಾಡಿದಷ್ಟೂ ಟೈಮ್ ಹೋಗುತ್ತೆ!” ಎಂದು ಗರ್ಜಿಸಿ ಹಸಿರು ಬಟನ್ ಒತ್ತಿದೆ.

ಡಬ್ಬಿಗಳು ಹೊಳೆಯಂತೆ ಹರಿದವು. ಮ್ಯಾನೇಜರು ನನ್ನ ಕೈ ಕುಲುಕಿದರು. ನಾನು ಲೈನಿನ ಕೊನೆಗೆ ನಡೆದು, ಒಂದು ಡಬ್ಬಿ ಎತ್ತಿ, ನೋಡದೆಯೇ ಎರಡೂ ಕೈಗಳಿಂದ ಯಜಮಾನರಿಗೆ ಅರ್ಪಿಸಿದೆ. ಅವರು ನೋಡಿದರು. ತಿರುಗಿಸಿ ನೋಡಿದರು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದರು:

“ಏನಪ್ಪಾ, ನಮ್ಮ ಮಾವಿನಹಣ್ಣಿಗೆ ಕೊಂಬು ಬಂದದೆ!”

ಬಂದಿತ್ತು. ಹಳದಿ ಹಣ್ಣಿನ ನೆತ್ತಿಯ ಮೇಲೆ ಎರಡು ಸೊಗಸಾದ ಕೊಂಬು, ನಡುವೆ ಎರಡು ಸೌಮ್ಯವಾದ ಕಣ್ಣು, ಕೆಳಗೆ ‘ಮಸಾಲಾ ಮಜ್ಜಿಗೆ’ ಎಂಬ ಬರಹ. ಮಾವಿನಹಣ್ಣು ನನ್ನನ್ನೇ ಕರುಣೆಯಿಂದ ನೋಡುತ್ತಿತ್ತು.

ಮ್ಯಾನೇಜರು ಓಡಿ ಹೋಗಿ ಕೆಂಪು ಬಟನ್ ಒತ್ತಿದರು. ಮಷಿನ್ ನಿಂತಿತು. ಅಷ್ಟರಲ್ಲಿ ಕೊಂಬಿನ ಹಣ್ಣುಗಳು ಬೆಟ್ಟದಷ್ಟು ಬಿದ್ದಿದ್ದವು.

“ಸುಜಾತ, ಇಷ್ಟೊಂದು ಡಬ್ಬಿ ನಿಮ್ಮ ಮುಂದೇನೇ ಹೋಗಿದೆ. ನೀವ್ಯಾಕೆ ನಿಲ್ಲಿಸ್ಲಿಲ್ಲ?” ಎಂದು ಕೇಳಿದರು.

ಸುಜಾತ ತಲೆ ತಗ್ಗಿಸಿದಳು. ಕಣ್ಣು ತುಂಬಿತ್ತು. ಆ ವಾರದಲ್ಲಿ ನಾನು ಆಕೆಯ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

“ಅವಳದ್ದೇನೂ ತಪ್ಪಿಲ್ಲ ಸಾರ್. ಮೊದಲ ಡಬ್ಬಿ ತೋರಿಸೋದು ಬೇಡ ಅಂದವನು ನಾನೇ,” ಎಂದೆ.

ಅದೇ ಹೊತ್ತಿಗೆ ದಸ್ತಗೀರ್ ಭಾಯಿ ಟೀ ಗಾಡಿಯೊಂದಿಗೆ ಒಳಗೆ ಬಂದು, ಕೆಳಗಿನಿಂದ ಪೇಪರಿನ ಕಟ್ಟು ಎತ್ತಿ ತೋರಿಸಿದರು. “ಸಾಬ್, ಇದು ನಿಮ್ದೇನಾ?”

ಮತ್ತೆ ಎಲ್ಲ ಬಿಚ್ಚಿ, ತೊಳೆದು, ಕೂರಿಸಿ, ಕೊಂಬಿನ ಹಣ್ಣುಗಳನ್ನು ಹೊರಗೆ ಸಾಗಿಸುವಷ್ಟರಲ್ಲಿ ಸಂಜೆಯಾಯಿತು. ನಮ್ಮ ಕಾರ್ಖಾನೆಯ ಇತಿಹಾಸದಲ್ಲೇ ಅಷ್ಟು ದೀರ್ಘವಾದ ಚೇಂಜ್‌ಓವರ್ ನಡೆದಿಲ್ಲ. ಆ ದಾಖಲೆ ಇಂದಿಗೂ ನನ್ನ ಹೆಸರಿನಲ್ಲಿದೆ!

ಇಂಕು ತೊಳೆಯುವ ಹೊತ್ತಿನಲ್ಲಿ ದಸ್ತಗೀರ್ ಭಾಯಿ ಏನೂ ಕೇಳದೆ ಎರಡು ಲೋಟ ಟೀ ತಂದು ಹೊಂಗೆ ಮರದ ಕೆಳಗಿಟ್ಟರು. ನಾವಿಬ್ಬರೂ ಕೂತೆವು.

“ಕೊಂಬು ನಂಗೆ ಕಾಣಿಸ್ತು ರೀ,” ಎಂದಳು ಸುಜಾತ.

“ಕಾಣಿಸ್ತಾ! ಮತ್ತೆ ಬಟನ್ ಒತ್ಬಾರ್ದಿತ್ತಾ?”

“ನನ್ನ ಕಣ್ಣೇ ಹೋಯ್ತು ಅನ್ಕೊಂಡೆ. ಸ್ವಲ್ಪ ದಿನದಿಂದ ಹತ್ರದ್ದೆಲ್ಲ ಮಸುಕು ಮಸುಕು. ಒಂದೊಂದ್ಸಲ ಒಂದು ಗೆರೆ ಎರಡಾಗಿ ಕಾಣುತ್ತೆ. ಇವತ್ತು ಮಾವಿನಹಣ್ಣಿಗೆ ಕೊಂಬೇ ಕಂಡಾಗ, ಮುಗೀತು ನನ್ನ ಕಥೆ ಅಂತ ಕೈಕಾಲು ತಣ್ಣಗಾಯ್ತು. ಕಣ್ಣು ಕಾಣ್ದೋಳನ್ನ ಆ ಮೇಜಿನ ಮುಂದೆ ಯಾರು ಕೂರಿಸ್ತಾರೆ? ಕೆಲಸದಿಂದ ತೆಗೀತಾರೆ ಅಂತ ಭಯ. ಅತ್ತೆಗೆ ಹೇಳಿದ್ರೆ ಮುಳಬಾಗಿಲು ತನಕ ಸುದ್ದಿ. ನಿಮಗೆ ಮೊದಲು ಹೇಳೋಣ ಅಂದ್ರೆ ಆ ಮಷಿನ್ ನಿಲ್ಲಲ್ಲ, ನೀವೂ ನಿಲ್ಲಲ್ಲ.” ಆಕೆ ಮೂಗು ಒರೆಸಿಕೊಂಡಳು. “ಕಣ್ಣು ತೋರಿಸಿದ್ರೆ, ಕಣ್ಣು ಹೊಡೀತೀರಾ!”

ಹೇಳುತ್ತಾ ಹೇಳುತ್ತಾ ಆಕೆಗೆ ನಗು ಬಂತು. ಅಳುವಿನ ನಡುವೆಯೇ ನಕ್ಕಳು. ನನಗೂ ಎರಡೂ ಒಟ್ಟಿಗೆ ಬಂದವು. ಅಷ್ಟು ಭಯವನ್ನು ಒಬ್ಬಳೇ ಇಟ್ಟುಕೊಂಡು ನನ್ನ ಹೆಂಡತಿ ಓಡುವ ಡಬ್ಬಿಗಳ ಮುಂದೆ ಕೂತಿದ್ದಳು. ನಾನು ಸಮಯ ಉಳಿಸುತ್ತಿದ್ದೆ. ಆಕೆಯ ಕೈ ಹಿಡಿದುಕೊಂಡೆ. ಕೈಯಲ್ಲಿ ಇಂಕಿತ್ತು, ಆಕೆಗೂ ಮೆತ್ತಿತು. ಆಕೆ ಕೈ ಬಿಡಿಸಿಕೊಳ್ಳಲಿಲ್ಲ.

ಮ್ಯಾನೇಜರಿಗೆ ವಿಷಯ ತಿಳಿಸಿದಾಗ ಅವರು, “ಅದಕ್ಯಾಕಮ್ಮ ಅಳ್ತೀರಾ? ಕನ್ನಡಕ ಹಾಕ್ಕೊಂಡು ಅಲ್ಲೇ ಕೂತ್ಕೊಳ್ಳಿ,” ಎಂದು, ತಮ್ಮ ಹಣೆಯ ಮೇಲಿದ್ದ ಕನ್ನಡಕವನ್ನೇ ಮೇಜಿನ ಮೇಲೆಲ್ಲ ಹುಡುಕಿದರು. ಶ್ರೀನಿವಾಸಪುರದ ಯಜಮಾನರು ಮೊದಲು ಕೂಗಾಡಿದರು. ಆಮೇಲೆ, ಮೊಮ್ಮಕ್ಕಳಿಗೆ ತೋರಿಸ್ತೀನಿ ಎಂದು ಕೊಂಬಿನ ಡಬ್ಬಿಯೊಂದನ್ನು ಜೇಬಿಗಿಳಿಸಿದರು.

ಈಗ ಟೀ ಗಾಡಿ ದಸ್ತಗೀರ್ ಭಾಯಿಯ ಬಳಿಯೇ ಇದೆ. ನಮ್ಮ ಸಾಮಾನಿಗೆ ಬೇರೆ ಗಾಡಿ ಬಂದಿದೆ. ಚೇಂಜ್‌ಓವರ್ ಮೊದಲಿಗಿಂತ ಬೇಗ ಮುಗಿಯುತ್ತದೆ, ಆದರೆ ಎರಡು ಲೋಟ ಟೀ ಕುಡಿದು ಮುಗಿಯುವ ಮೊದಲು ಮುಗಿಯಕೂಡದು ಎಂಬುದು ನಾನೇ ಹೊರಡಿಸಿದ ಆಜ್ಞೆ. ಮೊದಲ ಡಬ್ಬಿ ಮತ್ತೆ ಸುಜಾತಳ ಕೈಗೇ ಹೋಗುತ್ತದೆ.

ಕೋಲಾರದಿಂದ ಕನ್ನಡಕ ತಂದ ಮರುದಿನ ಮಷಿನ್ ನಿಂತಾಗ, ಆಕೆ ಅದನ್ನು ಹಾಕಿಕೊಂಡು ಹೊಂಗೆ ಮರದ ಕೆಳಗೆ ಬಂದಳು. ಡಬ್ಬಿ ಹಿಡಿಯುವಂತೆ ನನ್ನ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ನಿಧಾನವಾಗಿ ಪರೀಕ್ಷಿಸಿದಳು.

“ಹೆಂಗಿದೆ?” ಎಂದೆ, ಎದೆಯುಬ್ಬಿಸಿ.

“ಬಣ್ಣ ಮಾಸಿದೆ. ಮೇಲ್ಗಡೆ ಅಚ್ಚೇ ಬಿದ್ದಿಲ್ಲ,” ಎಂದು ನನ್ನ ಬೋಳುತಲೆಯನ್ನು ಸವರಿದಳು. “ಇಷ್ಟು ದಿನ ಕಾಣಿಸ್ತಾನೇ ಇರ್ಲಿಲ್ಲ. ಇರ್ಲಿ, ಪಾಸ್ ಮಾಡ್ತೀನಿ. ವಾಪಸ್ ತಗೊಳ್ಳೋರು ಯಾರಿದ್ದಾರೆ?”